ಮಡಿಕೇರಿಯ ವಾಹನ ಹೊಗೆ: ನಗರಸಭೆ ಎಲ್ಲಿಂದ ಆರಂಭಿಸಬೇಕು?

ಶಾಲಾ ಶಿಕ್ಷಕಿ, ಮಡಿಕೇರಿ

ನಗರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ನಾವು ಪ್ರತಿ ಸಲವೂ ಕುಡಿಯುವ ನೀರು, ಕಸ, ಬೀದಿದೀಪ, ರಸ್ತೆಗುಂಡಿ ಎಂದು ಬರೆದುಕೊಟ್ಟು ಬರುತ್ತೇವೆ. ಅವೆಲ್ಲವೂ ಬೇಕಾದವೇ. ಈ ಸಲ ಅವುಗಳ ಜೊತೆಗೆ ವಾಹನಗಳ ಹೊಗೆಯ ವಿಷಯವನ್ನೂ ಸೇರಿಸಬೇಕೆಂದು ನನ್ನ ಕೋರಿಕೆ. ಬೆಟ್ಟದ ಊರು, ಮಂಜಿನ ಊರು, ಇಲ್ಲಿ ಎಂಥ ಮಾಲಿನ್ಯ ಎಂದು ಕೇಳುವವರಿಗೆ ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ.

ಕಳೆದ ಜನವರಿಯ ಒಂದು ಮಧ್ಯಾಹ್ನ ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ನಿಲ್ಲುವ ಸರದಿ ನನ್ನದಾಗಿತ್ತು. ಅದು ಏರು ರಸ್ತೆ. ಒಂದು ಬದಿಯಲ್ಲಿ ಆಳೆತ್ತರಕ್ಕೂ ಮಿಕ್ಕಿದ ತಡೆಗೋಡೆ ಇದೆ. ಗಂಟೆ ಬಾರಿಸುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ವ್ಯಾನು, ಆಟೋ, ಕಾರು ಎಲ್ಲವೂ ಸೇರಿ ಹದಿನಾಲ್ಕು ವಾಹನಗಳು ಗೋಡೆಯುದ್ದಕ್ಕೂ ನಿಂತಿದ್ದವು. ಅವುಗಳಲ್ಲಿ ಒಂಬತ್ತರ ಎಂಜಿನ್ ಚಾಲೂ ಇತ್ತು. ಒಂದನೇ ತರಗತಿಯ ಮಕ್ಕಳು ಕೈ ಹಿಡಿದುಕೊಂಡು ಸಾಲಾಗಿ ಇಳಿದು ಬಂದಾಗ ಅವರ ಮುಖ ವ್ಯಾನಿನ ಸೈಲೆನ್ಸರ್ ಕೊಳವೆಗಿಂತ ಒಂದೆರಡು ಅಡಿಯಷ್ಟೇ ಮೇಲಿತ್ತು. ಒಂದು ಮಗು ಸ್ವೆಟರಿನ ತೋಳನ್ನು ಬೆರಳಿನವರೆಗೆ ಎಳೆದು ಮೂಗು ಮುಚ್ಚಿಕೊಂಡಿತು, ವ್ಯಾನು ದಾಟಿದ ಮೇಲೆ ತೋಳನ್ನು ಮತ್ತೆ ಮಡಚಿಕೊಂಡಿತು. ಅದಕ್ಕೆ ಹಾಗೆ ಮಾಡೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ದಿನವೂ ಮಾಡಿ ಮಾಡಿ ಅಭ್ಯಾಸವಾಗಿತ್ತು.

ನಮ್ಮ ಊರಿನಲ್ಲಿ ಸ್ಟುವರ್ಟ್ ಹಿಲ್‌ನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಾಯು ಗುಣಮಟ್ಟ ಮಾಪನ ಕೇಂದ್ರವಿದೆ. ಅದು ಕೊಡುವ ಅಂಕಿಯನ್ನು ನೋಡಿ ಮಡಿಕೇರಿಯ ಗಾಳಿ ಶುದ್ಧ ಎಂದು ಹೆಮ್ಮೆಪಡುತ್ತೇವೆ. ಊರಿನ ಒಟ್ಟಾರೆ ಗಾಳಿಯ ಮಟ್ಟಿಗೆ ಆ ಹೆಮ್ಮೆಗೆ ಕಾರಣವೂ ಇದೆ. ಆದರೆ ಗುಡ್ಡದ ಮೇಲಿನ ಗಾಳಿ ಬೇರೆ, ಬಸ್ ನಿಲ್ದಾಣದ ಸುತ್ತಿನ ತಗ್ಗಿನ ಗಾಳಿ ಬೇರೆ, ತಡೆಗೋಡೆಗೂ ವ್ಯಾನಿಗೂ ನಡುವಿನ ನಾಲ್ಕು ಅಡಿಯ ಗಾಳಿಯೇ ಬೇರೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಗಾಳಿಯನ್ನು ತೊಳೆದುಕೊಡುವುದರಿಂದ ವರ್ಷದ ಸರಾಸರಿ ಎಷ್ಟೋ ಕೆಳಗಿಳಿಯುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆಗಳ ಕಥೆ ಆ ಸರಾಸರಿಯೊಳಗೆ ಮುಚ್ಚಿಹೋಗುತ್ತದೆ. ಆ ದಿನಗಳಲ್ಲಿ ತಣ್ಣನೆಯ ಭಾರವಾದ ಗಾಳಿ ತಗ್ಗಿನಲ್ಲಿ ನಿಂತು, ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕುಳಿತುಬಿಡುವುದರಿಂದ, ಬಿಸಿಲೇರಿ ಮಂಜು ಕರಗುವವರೆಗೂ ಹೊಗೆ ಮೇಲಕ್ಕೇಳುವುದಿಲ್ಲ. ಮಕ್ಕಳು ಶಾಲೆಗೆ ಹೊರಡುವುದು ಸರಿಯಾಗಿ ಅದೇ ಹೊತ್ತಿನಲ್ಲಿ.

ನಾನು ಹೇಳಬೇಕೆಂದಿರುವುದು ಇಷ್ಟು. ನಮ್ಮ ಹೊಗೆಗೆ ವಾಹನಗಳ ಸಂಖ್ಯೆಯೊಂದೇ ಕಾರಣವಲ್ಲ. ಅವು ಎಂಜಿನ್ ಆರಿಸದೆ ನಿಲ್ಲುವುದು ಮತ್ತು ಏರಿನಲ್ಲಿ ನಿಂತು ನಿಂತು ಹತ್ತುವುದು ಅದಕ್ಕಿಂತ ದೊಡ್ಡ ಕಾರಣ. ಸಂಖ್ಯೆಯನ್ನು ಇಳಿಸುವುದು ನಗರಸಭೆಯ ಕೈಯಲ್ಲಿಲ್ಲದಿರಬಹುದು. ವಾಹನಗಳು ಎಲ್ಲಿ, ಹೇಗೆ, ಎಷ್ಟು ಹೊತ್ತು ನಿಲ್ಲಬೇಕೆಂಬುದರಲ್ಲಿ ಅದಕ್ಕೆ ಖಂಡಿತವಾಗಿ ಪಾತ್ರವಿದೆ. ನಿಮ್ಮ ಅಭಿಪ್ರಾಯಗಳನ್ನು ದಯವಿಟ್ಟು ಬರೆಯಿರಿ. ಎಲ್ಲರ ಮಾತನ್ನೂ ಸೇರಿಸಿ ಒಂದು ಮನವಿ ಸಿದ್ಧಪಡಿಸುತ್ತೇನೆ.


ಅಂಗಡಿ ವ್ಯಾಪಾರಿ, ಮಹದೇವಪೇಟೆ

ಟೀಚರ್, ನೀವು ಹೇಳಿದ್ದಕ್ಕೆ ನನ್ನ ಅಂಗಡಿಯೇ ಸಾಕ್ಷಿ. ಬೆಳಿಗ್ಗೆ ಬಾಗಿಲು ತೆರೆದು ಬಾಳೆಗೊನೆಗಳನ್ನು ಹೊರಗೆ ತೂಗುಹಾಕುತ್ತೇನೆ. ಸಂಜೆ ಒದ್ದೆ ಬಟ್ಟೆಯಿಂದ ಒರೆಸಿದರೆ ಎರಡು ಬಣ್ಣ ಬರುತ್ತದೆ. ಕೆಂಪಗಿರುವುದು ನಮ್ಮ ಮಣ್ಣಿನ ಧೂಳು. ಅದು ನೀರಿಗೆ ಬಿಟ್ಟುಕೊಳ್ಳುತ್ತದೆ. ಕಪ್ಪಗಿರುವುದು ಜಿಡ್ಡು, ಬೆರಳಿಗೆ ಅಂಟಿದರೆ ಸೋಪು ಹಾಕಿ ಉಜ್ಜಬೇಕು. ಇಪ್ಪತ್ತು ವರ್ಷಗಳ ಹಿಂದೆ ಕೆಂಪು ಮಾತ್ರ ಇತ್ತು ಎಂದು ನಾನು ಹೇಳುವುದಿಲ್ಲ, ಆದರೆ ಈಗ ಶನಿವಾರ ಮತ್ತು ಭಾನುವಾರ ಬಟ್ಟೆಯನ್ನು ಎರಡು ಸಲ ಹಿಂಡಬೇಕಾಗುತ್ತದೆ.

ನಮ್ಮ ಬೀದಿ ಅಗಲವಿಲ್ಲ. ಸರಕು ಇಳಿಸುವ ಒಂದು ಗೂಡ್ಸ್ ಗಾಡಿ ನಿಂತರೆ ಹಿಂದೆ ಸಾಲು ಬೆಳೆಯುತ್ತದೆ. ಈ ಮಾತು ವ್ಯಾಪಾರಿಗಳಾದ ನಮಗೇ ವಿರುದ್ಧವಾಗಬಹುದು, ಆದರೂ ಹೇಳುತ್ತೇನೆ: ಸರಕು ಇಳಿಸುವುದನ್ನು ಬೆಳಿಗ್ಗೆ ಎಂಟರೊಳಗೆ ಅಥವಾ ರಾತ್ರಿ ಎಂಟರ ನಂತರ ಮಾಡಬೇಕೆಂದು ನಗರಸಭೆ ಮತ್ತು ಪೊಲೀಸರು ಕಟ್ಟುನಿಟ್ಟು ಮಾಡಿದರೆ ನಾನು ಒಪ್ಪುತ್ತೇನೆ. ಹಮಾಲಿಗಳಿಗೆ ಆ ಹೊತ್ತಿನ ಕೂಲಿ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ, ಅದನ್ನು ನಾವು ಭರಿಸಬೇಕು.


ಜೀಪು ಚಾಲಕ

ಟೀಚರ್ ಅವರಿಗೆ ನಮಸ್ಕಾರ. ನಾನು ಹದಿನೇಳು ವರ್ಷಗಳಿಂದ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಕೂರಿಸಿಕೊಂಡು ಜೀಪು ಓಡಿಸುತ್ತಿದ್ದೇನೆ. ಹೊಗೆಯ ಮಾತು ಬಂದಾಗಲೆಲ್ಲ ಮೊದಲು ಬೆರಳು ತೋರಿಸುವುದು ನಮ್ಮ ಕಡೆಗೇ ಆದ್ದರಿಂದ ನಮ್ಮ ಮಾತನ್ನೂ ಕೇಳಬೇಕು. ನನ್ನ ಗಾಡಿ ಹಳೆಯದು, ನಿಜ. ಹೊಸ ಗಾಡಿಗೆ ಸಾಲ ಮಾಡಿದರೆ ತಿಂಗಳ ಕಂತನ್ನು ಮಳೆಗಾಲದ ನಾಲ್ಕು ತಿಂಗಳು ಯಾರು ಕಟ್ಟುತ್ತಾರೆ? ಆಗ ನಮಗೆ ದುಡಿಮೆಯೇ ಇರುವುದಿಲ್ಲ.

ಎಂಜಿನ್ ಆರಿಸದೆ ನಿಲ್ಲಿಸುವುದರ ಬಗ್ಗೆಯೂ ಹೇಳುತ್ತೇನೆ. ಬ್ಯಾಟರಿ ಹಳೆಯದಾದರೆ ಚಳಿಯ ಮುಂಜಾನೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ನಮಗೆ ನಿಲ್ಲಲು ಗೊತ್ತಾದ ಜಾಗವಿಲ್ಲ. ಪೊಲೀಸರು ಬಂದು ಮುಂದೆ ಹೋಗು ಎನ್ನುತ್ತಾರೆ, ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುತ್ತೇವೆ. ಎಬ್ಬಿಸುತ್ತಾರೆ ಎಂದು ಗೊತ್ತಿದ್ದವನು ಎಂಜಿನ್ ಆರಿಸುತ್ತಾನೆಯೇ? ಸರತಿ ಪ್ರಕಾರ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಒಂದು ನಿಲ್ದಾಣ ಕೊಡಿ, ಅರ್ಧದಷ್ಟು ಸುತ್ತಾಟ ಆ ದಿನವೇ ನಿಲ್ಲುತ್ತದೆ.


ಪೊನ್ನಂಪೇಟೆ ಮೂಲದವ, ಈಗ ಇಂಗ್ಲೆಂಡಿನ ಬಾತ್ ನಗರದಲ್ಲಿ

ಟೀಚರ್ ಅವರ ಬರಹವನ್ನು ಓದಿ ನಾನೀಗ ಇರುವ ಊರಿನ ಅನುಭವವನ್ನು ಬರೆಯಬೇಕೆನಿಸಿತು. ಇಂಗ್ಲೆಂಡಿನ ದೊಡ್ಡ ನಗರಗಳ ಉದಾಹರಣೆ ಮಡಿಕೇರಿಗೆ ಹೊಂದುವುದಿಲ್ಲ. ಆದರೆ ಬಾತ್ ಚಿಕ್ಕ ಊರು. ಏವನ್ ನದಿಯ ಕಣಿವೆಯಲ್ಲಿ, ಸುತ್ತಲೂ ಗುಡ್ಡಗಳಿರುವ ಬಟ್ಟಲಿನಂಥ ಜಾಗದಲ್ಲಿದೆ. ಇಲ್ಲಿಯೂ ಕಡಿದಾದ ಬೀದಿಗಳಿವೆ, ಇಲ್ಲಿಯೂ ಪ್ರವಾಸಿಗರೇ ಊರಿನ ಆಧಾರ, ಇಲ್ಲಿಯೂ ಗಾಳಿ ಆಡದ ದಿನ ಹೊಗೆ ತಗ್ಗಿನಲ್ಲೇ ನಿಲ್ಲುತ್ತದೆ.

ಇಲ್ಲಿನ ಸ್ಥಳೀಯ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥದ್ದು, 2021ರ ಮಾರ್ಚ್ 15ರಂದು ನಗರದ ನಡುಭಾಗವನ್ನು ಶುದ್ಧ ಗಾಳಿ ವಲಯವೆಂದು ಘೋಷಿಸಿತು. ಲಂಡನ್ನಿನ ಹೊರಗೆ ಇಂಗ್ಲೆಂಡಿನಲ್ಲಿ ಶುಲ್ಕ ವಿಧಿಸಿದ ಮೊದಲ ವಲಯ ಇದೇ. ಹೊಗೆ ಮಾನದಂಡವನ್ನು ಮುಟ್ಟದ ಹಳೆಯ ಟ್ಯಾಕ್ಸಿ ಮತ್ತು ವ್ಯಾನುಗಳು ವಲಯದೊಳಗೆ ಬಂದರೆ ದಿನಕ್ಕೆ 9 ಪೌಂಡ್, ಹಳೆಯ ಬಸ್ಸು ಮತ್ತು ಲಾರಿಗಳು ಬಂದರೆ 100 ಪೌಂಡ್ ಕಟ್ಟಬೇಕು. ಖಾಸಗಿ ಕಾರುಗಳಿಗೆ ಶುಲ್ಕವಿಲ್ಲ. 2019ಕ್ಕೆ ಹೋಲಿಸಿದರೆ 2022ರಲ್ಲಿ ವಲಯದೊಳಗಿನ ನೈಟ್ರೋಜನ್ ಡೈಆಕ್ಸೈಡ್, ಅಂದರೆ ವಾಹನಗಳ ಹೊಗೆಯಲ್ಲಿರುವ ಹಾನಿಕರ ಅನಿಲ, ಸರಾಸರಿ ಶೇ. 26ರಷ್ಟು ಇಳಿದಿತ್ತು. ಕೋವಿಡ್ ನಂತರ ಜನರ ಓಡಾಟ ಬದಲಾದದ್ದೂ ಅದರಲ್ಲಿ ಸೇರಿರಬಹುದೆಂಬ ಎಚ್ಚರಿಕೆಯನ್ನು ಇಟ್ಟುಕೊಂಡೇ ಈ ಅಂಕಿಯನ್ನು ಓದಬೇಕು.

ಶುಲ್ಕಕ್ಕಿಂತ ಹೆಚ್ಚಾಗಿ ಮಡಿಕೇರಿಗೆ ಉಪಯೋಗವಾಗಬಹುದಾದ ಮೂರು ಸಂಗತಿಗಳು ನನಗೆ ಕಾಣುತ್ತವೆ. ಇಲ್ಲಿ ಗೇ ಸ್ಟ್ರೀಟ್ ಎಂಬ ಏರುಬೀದಿಯೊಂದಿದೆ. ಎರಡೂ ಬದಿಗೆ ಎತ್ತರದ ಕಲ್ಲಿನ ಮನೆಗಳು. ಅಲ್ಲಿ ವಾಹನಗಳು ಏರಿನ ಮೇಲೆ ಸಾಲುಗಟ್ಟಿ ನಿಲ್ಲುವುದರಿಂದಲೇ ಹೊಗೆ ಹೆಚ್ಚಾಗುತ್ತದೆಂದು ತಿಳಿದ ಮೇಲೆ, ಕೌನ್ಸಿಲ್ ಅದಕ್ಕೆ ಮೊದಲು ಸಿಗುವ ಕ್ವೀನ್ ಸ್ಕ್ವೇರ್ ಎಂಬ ಚೌಕದಲ್ಲಿ ಸಿಗ್ನಲ್ ಹಾಕಿ ಆ ಬೀದಿಗೆ ನುಗ್ಗುವ ವಾಹನಗಳನ್ನು ಮಿತಗೊಳಿಸಿತು. ಟೀಚರ್ ಹೇಳಿದ ಮಾತೇ ಅಲ್ಲವೇ ಇದು? ಏರಿನಲ್ಲಿ ನಿಂತು ಹೊರಡುವ ವಾಹನ ಸಮತಟ್ಟಿನಲ್ಲಿ ಹೊರಡುವುದಕ್ಕಿಂತ ಎಷ್ಟೋ ಹೆಚ್ಚು ಇಂಧನವನ್ನು ಸುಡುತ್ತದೆ. ಸಾಲು ತಪ್ಪದಿದ್ದರೆ ಅದನ್ನು ಸಮತಟ್ಟಿನ ಜಾಗದಲ್ಲಿ ನಿಲ್ಲಿಸಿ ಎನ್ನುವುದು ಸಣ್ಣ ಉಪಾಯ, ಫಲ ದೊಡ್ಡದು.

ಎರಡನೆಯದು, ಲ್ಯಾನ್ಸ್‌ಡೌನ್, ನ್ಯೂಬ್ರಿಜ್, ಆಡ್ ಡೌನ್ ಎಂಬ ಮೂರು ಕಡೆ ಊರಿನ ಅಂಚಿನಲ್ಲಿ ವಿಶಾಲವಾದ ವಾಹನ ನಿಲುಗಡೆ ಇದೆ. ಹೊರಗಿನವರು ಅಲ್ಲಿ ಕಾರು ಬಿಟ್ಟು ಬಸ್ಸಿನಲ್ಲಿ ಒಳಗೆ ಬರುತ್ತಾರೆ. ಮೂರನೆಯದು ಅಳತೆ. ರಸ್ತೆ ಬದಿಯ ದೀಪದ ಕಂಬಗಳಿಗೆ ಬೆರಳುದ್ದದ ಪ್ಲಾಸ್ಟಿಕ್ ನಳಿಕೆಗಳನ್ನು ಕಟ್ಟಿರುತ್ತಾರೆ. ಅದರೊಳಗಿನ ರಾಸಾಯನಿಕ ಲೇಪಿಸಿದ ಜಾಲರಿ ಗಾಳಿಯಲ್ಲಿರುವ ನೈಟ್ರೋಜನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಪ್ರಯೋಗಾಲಯಕ್ಕೆ ಕಳುಹಿಸಿ ಹೊಸದನ್ನು ಕಟ್ಟುತ್ತಾರೆ. ವಿದ್ಯುತ್ ಬೇಡ, ಯಂತ್ರ ಬೇಡ. ಯಾವ ಬೀದಿಯಲ್ಲಿ ಎಷ್ಟು ಎಂಬುದು ಹೀಗೆ ಬೀದಿಬೀದಿಗೂ ತಿಳಿಯುತ್ತದೆ.


ಜೀಪು ಚಾಲಕ

ಬಾತ್‌ನಲ್ಲಿರುವ ಅಣ್ಣನವರು ಬರೆದದ್ದನ್ನು ಎರಡು ಸಲ ಓದಿದೆ. ಗಾಡಿಯಿಂದ ಅನ್ನ ಹುಟ್ಟಿಸಿಕೊಳ್ಳುವ ಟ್ಯಾಕ್ಸಿಯವನು 9 ಪೌಂಡ್ ಕಟ್ಟಬೇಕು, ಮೋಜಿಗೆ ಬಂದ ಕಾರಿನವನು ಏನೂ ಕಟ್ಟಬೇಕಾಗಿಲ್ಲ. ಇದು ಯಾವ ನ್ಯಾಯ? ಮಡಿಕೇರಿಯಲ್ಲಿ ಹೀಗೆ ಮಾಡಿದರೆ ಹಳದಿ ಬೋರ್ಡಿನ ನಾವು ಸಾಯುತ್ತೇವೆ, ಬೆಂಗಳೂರಿನಿಂದ ಬಂದ ಬಿಳಿ ಬೋರ್ಡಿನ ಕಾರುಗಳು ಮಾತ್ರ ಊರು ತುಂಬ ನಿಂತಿರುತ್ತವೆ.


ಪೊನ್ನಂಪೇಟೆ ಮೂಲದವ, ಬಾತ್

ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಇಲ್ಲಿಯೂ ಅದನ್ನು ಕೇಳಿದವರಿದ್ದಾರೆ. ಮೊದಲ ಯೋಜನೆಯಲ್ಲಿ ಖಾಸಗಿ ಕಾರುಗಳಿಗೂ ಶುಲ್ಕವಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಹಳೆಯ ಕಾರು ಇಟ್ಟುಕೊಂಡ ಬಡ ಕುಟುಂಬಗಳಿಗೆ ಹೊರೆಯಾಗುತ್ತದೆಂಬ ವಿರೋಧ ಬಂದು, ಕಾರುಗಳನ್ನು ಬಿಟ್ಟರು. ಕಾರುಗಳನ್ನು ಬಿಟ್ಟದ್ದರಿಂದ ಆದ ಕೊರತೆಯನ್ನು ತುಂಬಲೆಂದೇ ನಾನು ಹೇಳಿದ ಆ ಸಿಗ್ನಲ್ ವ್ಯವಸ್ಥೆ ಬಂತು. ಟ್ಯಾಕ್ಸಿ ಮತ್ತು ವ್ಯಾನಿನವರಿಗೆ ವಾಹನ ಬದಲಾಯಿಸಲು ಸಹಾಯಧನವನ್ನೂ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಅದಕ್ಕೆ ಹಣ ಕೇಂದ್ರ ಸರ್ಕಾರದಿಂದ ಬಂತು. ಸಹಾಯವಿಲ್ಲದೆ ಶುಲ್ಕ ಮಾತ್ರ ಹಾಕಿದ್ದರೆ ಅದು ದಂಡವಾಗುತ್ತಿತ್ತು. ಮಡಿಕೇರಿಗೆ ಶುಲ್ಕ ಬೇಕೆಂದು ನಾನು ಹೇಳುತ್ತಿಲ್ಲ.


ಹಳೆಯ ಮೆಕ್ಯಾನಿಕ್, ಸುಂಟಿಕೊಪ್ಪ

ನಲವತ್ತು ವರ್ಷ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದವನ ನಾಲ್ಕು ಮಾತುಗಳಿವು.

ಎಮಿಷನ್ ಸರ್ಟಿಫಿಕೇಟ್ ಇದ್ದರೆ ಗಾಡಿ ಹೊಗೆ ಉಗುಳುವುದಿಲ್ಲ ಎಂದು ಜನ ತಿಳಿದಿದ್ದಾರೆ. ಆ ಪರೀಕ್ಷೆಯಲ್ಲಿ ಡೀಸೆಲ್ ಗಾಡಿಯನ್ನು ನಿಂತಲ್ಲಿಯೇ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ, ಹೊಗೆಯ ಕಪ್ಪನ್ನು ಬೆಳಕಿನಿಂದ ಅಳೆಯುತ್ತಾರೆ. ಬಿಎಸ್-4 ಎಂಬ ಸರ್ಕಾರಿ ಹೊಗೆ ಮಾನದಂಡಕ್ಕಿಂತ ಹಿಂದಿನ ಗಾಡಿಗಳಿಗೆ ಮಿತಿ 65 ಹಾರ್ಟ್‌ರಿಜ್ (ಹೊಗೆಯ ಕಪ್ಪನ್ನು ಅಳೆಯುವ ಮಾನ), ಬಿಎಸ್-4 ಗಾಡಿಗಳಿಗೆ 50. ಎಂಟು ಜನರನ್ನು ಕೂರಿಸಿಕೊಂಡು ಫಸ್ಟ್ ಗೇರಿನಲ್ಲಿ ಏರು ಹತ್ತುವಾಗ ಅದೇ ಗಾಡಿ ಏನು ಬಿಡುತ್ತದೆಂಬುದು ಆ ಪರೀಕ್ಷೆಯಲ್ಲಿ ಗೊತ್ತಾಗುವುದೇ ಇಲ್ಲ. ಬಾತ್‌ನವರು ಹೇಳಿದ ನೈಟ್ರೋಜನ್ ಡೈಆಕ್ಸೈಡನ್ನು ನಮ್ಮ ಎಮಿಷನ್ ಪರೀಕ್ಷೆಯಲ್ಲಿ ಅಳೆಯುವುದಿಲ್ಲ. ಆದ್ದರಿಂದ ಸರ್ಟಿಫಿಕೇಟನ್ನು ಕೈಬಿಡಬೇಡಿ, ಅದನ್ನೇ ನಂಬಿ ಕೂರಲೂಬೇಡಿ.

ಕಪ್ಪು ಹೊಗೆಗೆ ಕಾರಣ ಬಹಳ ಸಲ ಬಡತನವಲ್ಲ, ಅಲಕ್ಷ್ಯ. ಏರ್ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ನಮ್ಮ ಮಣ್ಣುರಸ್ತೆಗಳಲ್ಲಿ ಬೇಸಿಗೆಯ ಒಂದು ತಿಂಗಳಿಗೇ ಫಿಲ್ಟರ್ ಕಂಬಳಿಯಂತಾಗುತ್ತದೆ. ಮೊನ್ನೆ ಒಂದು ಜೀಪಿನ ಫಿಲ್ಟರನ್ನು ಬಿಚ್ಚಿ ಕಲ್ಲಿಗೆ ತಟ್ಟಿದರೆ ಬೊಗಸೆ ತುಂಬ ಕೆಂಪು ಪುಡಿ ಬಿತ್ತು. ಚಾಲಕ ತಮ್ಮ, ಬೇಸರ ಮಾಡಿಕೊಳ್ಳಬೇಡ: ಎಂಜಿನ್‌ಗೆ ಉಸಿರಾಡಲು ಗಾಳಿ ಸಿಗದಿದ್ದರೆ ಹಾಕಿದ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಉರಿಯದ್ದು ಮಸಿಯಾಗಿ ಹೊರಗೆ ಬೀಳುತ್ತದೆ, ನಿನ್ನ ದುಡ್ಡೂ ಅದರ ಜೊತೆಗೆ ಹೋಗುತ್ತದೆ. ಇಂಜೆಕ್ಟರ್ ನಾಜಲ್ ಸವೆದರೂ ಹೀಗೆಯೇ. ಹೊಸ ಎಂಜಿನ್ ಬೇಕಾಗಿಲ್ಲ, ಕಾಲಕಾಲಕ್ಕೆ ಸರ್ವಿಸ್ ಸಾಕು.

ಹೊಸ ಗಾಡಿ ತಂದವರಿಗೂ ಒಂದು ಮಾತು. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂತು, ಡೀಸೆಲ್‌ನಲ್ಲಿನ ಗಂಧಕ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಬಿಎಸ್-6 ಡೀಸೆಲ್ ಗಾಡಿಯ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಓಡಿದಾಗ ಅದು ಕಾದು ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಊರೊಳಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಳ್ಳುತ್ತದೆ. ಆಗ ಕೆಲವರು ಅದನ್ನು ಕಿತ್ತು ಖಾಲಿ ಕೊಳವೆ ಹಾಕಿಸಿಕೊಳ್ಳುತ್ತಾರೆ. ಇದು ಕಾನೂನಿಗೂ ವಿರುದ್ಧ, ಪಕ್ಕದ ಮನೆಯವರ ಶ್ವಾಸಕೋಶಕ್ಕೂ ವಿರುದ್ಧ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿಯೇ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತ ಗುಂಪಿಗೆ ಸೇರಿಸಿದೆ. ನನ್ನ ಜೊತೆ ಗ್ಯಾರೇಜಿನಲ್ಲಿ ಕೆಲಸ ಕಲಿತವರಲ್ಲಿ ಕೆಮ್ಮಿಲ್ಲದೆ ವಯಸ್ಸಾದವರು ಕಡಿಮೆ.


ಹೋಂಸ್ಟೇ ನಡೆಸುವವರು, ಗಾಳಿಬೀಡು

ಪ್ರವಾಸಿಗರ ವಾಹನಗಳ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನೀಲಗಿರಿ ಮತ್ತು ಕೊಡೈಕೆನಾಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್, ಅಂದರೆ ಬರುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯುವ ಪ್ರವೇಶ ಚೀಟಿ, ಬಂತು. 2025ರ ಏಪ್ರಿಲ್‌ನಿಂದ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳ ಮಿತಿ ಹಾಕಿದರು. ಕೊಡಗಿಗೂ ಹೀಗೆ ಮಾಡಬೇಕೆಂದು ಕೆಲವರು ಹೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ. ಬರುವವರೆಲ್ಲರೂ ರಸ್ತೆಯಲ್ಲೇ ಬರಬೇಕು. 2018ರ ಭೂಕುಸಿತದ ನಂತರ, ಮತ್ತೆ ಕೋವಿಡ್ ಕಾಲದಲ್ಲಿ, ಕೋಣೆಗಳು ಖಾಲಿ ಬಿದ್ದಾಗ ನಮ್ಮ ಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಸಂಬಳ ಕೊಡಲು ನಾನು ಪಟ್ಟ ಕಷ್ಟ ನನಗೆ ಗೊತ್ತು. ಆದ್ದರಿಂದ ವಾಹನಗಳ ಸಂಖ್ಯೆಗೆ ಮಿತಿ ಹಾಕುವುದನ್ನು ನಾನು ಒಪ್ಪಲಾರೆ.

ಆದರೆ ನಮ್ಮ ಅತಿಥಿಗಳು ರಾಜಾಸೀಟಿಗೆ ಹೋಗಿ ಬರಲು ಎರಡು ತಾಸು ಬೇಕಾಯಿತೆಂದು, ಅದರಲ್ಲಿ ಒಂದು ತಾಸು ಕಾರು ನಿಲ್ಲಿಸುವ ಜಾಗಕ್ಕಾಗಿ ಸುತ್ತಿದ್ದೆಂದು ಹೇಳುವಾಗ ನಾಚಿಕೆಯಾಗುತ್ತದೆ. ಊರಿನ ಅಂಚಿನಲ್ಲಿ ಕಾರು ಬಿಟ್ಟು ಸಣ್ಣ ಬಸ್ಸಿನಲ್ಲಿ ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟು ನೋಡಿ ಬರುವಂತಿದ್ದರೆ ಕೋಣೆ ಕಾಯ್ದಿರಿಸುವಾಗಲೇ ನಾವು ಅತಿಥಿಗಳಿಗೆ ತಿಳಿಸಬಹುದು. ಬಸ್ಸು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬರಬೇಕು. ಅರ್ಧ ಗಂಟೆ ಕಾಯಿಸಿದರೆ ಯಾರೂ ಹತ್ತುವುದಿಲ್ಲ.


ಶಾಲಾ ಶಿಕ್ಷಕಿ, ಮಡಿಕೇರಿ

ಗಾಳಿಬೀಡಿನ ಅಕ್ಕ, ಮಿತಿಯ ವಿಷಯದಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯವಿದೆ. ದಸರೆಯ ದಶಮಂಟಪದ ರಾತ್ರಿ ಮತ್ತು ವರ್ಷಾಂತ್ಯದ ವಾರದಲ್ಲಾದರೂ ಒಂದು ಮಿತಿ ಬೇಕೆಂದು ನನಗೆ ಅನಿಸುತ್ತದೆ. ಆದರೆ ಅದು ಜಿಲ್ಲಾಡಳಿತದ ಮಟ್ಟದ ತೀರ್ಮಾನ. ನಗರಸಭೆಗೆ ಕೊಡುವ ಮನವಿಯಲ್ಲಿ ಅದನ್ನು ಸೇರಿಸುವುದಿಲ್ಲ. ಸಣ್ಣ ಬಸ್ಸಿನ ಸಲಹೆಯನ್ನು ಸೇರಿಸುತ್ತೇನೆ.


ಸ್ಥಳೀಯ ಸಂಸ್ಥೆಯ ನಿವೃತ್ತ ನೌಕರ

ಇಲ್ಲಿ ಬಂದ ಸಲಹೆಗಳು ಚೆನ್ನಾಗಿವೆ, ಆದರೆ ಯಾವುದು ಯಾರ ಅಧಿಕಾರ ಎಂಬುದನ್ನು ಬಿಡಿಸಿ ಹೇಳದಿದ್ದರೆ ಮನವಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ಕಡತದಲ್ಲಿಯೇ ಉಳಿಯುತ್ತದೆ. ಇದನ್ನು ನಾನು ಬಹಳ ಸಲ ಕಂಡಿದ್ದೇನೆ, ಅದಕ್ಕಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೈಸೂರಿನಿಂದ ಕುಶಾಲನಗರ, ಮಡಿಕೇರಿ, ಸಂಪಾಜೆ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 275 ನಮ್ಮ ಊರಿನೊಳಗಿನಿಂದಲೇ ಹಾಯುತ್ತದೆ. ಆ ರಸ್ತೆ ನಗರಸಭೆಯದಲ್ಲ. ಹೊಗೆ ಉಗುಳುವ ವಾಹನಕ್ಕೆ ದಂಡ ಹಾಕುವುದು ಪೊಲೀಸರ ಮತ್ತು ಸಾರಿಗೆ ಇಲಾಖೆಯ ಕೆಲಸ. 2019ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಆ ದಂಡ ಹತ್ತು ಸಾವಿರ ರೂಪಾಯಿವರೆಗೆ ಇದೆ. ಕೆಎಸ್‌ಆರ್‌ಟಿಸಿ ಬಸ್ಸುಗಳು ನಿಗಮದ ಅಧೀನ. ಭಾರಿ ವಾಹನಗಳನ್ನು ತಡೆಯುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್‌ನಲ್ಲಿದೆ. ಮಳೆಗಾಲದಲ್ಲಿ ರಸ್ತೆ ಕುಸಿಯದಂತೆ ಮರ, ಮರಳು ಸಾಗಿಸುವ ಭಾರಿ ವಾಹನಗಳನ್ನು ಜಿಲ್ಲಾಧಿಕಾರಿಗಳು ನಿಷೇಧಿಸುವುದನ್ನು ನಾವೆಲ್ಲ ನೋಡಿದ್ದೇವೆ. ರಸ್ತೆಯನ್ನು ಉಳಿಸಲು ಸಾಧ್ಯವಾದದ್ದು ಉಸಿರನ್ನು ಉಳಿಸಲು ಸಾಧ್ಯವಾಗಬಾರದೇಕೆ ಎಂದು ಕೇಳುವ ಹಕ್ಕು ನಮಗಿದೆ.

ಇನ್ನು ನಗರಸಭೆಯ ಪಾತ್ರ. ಅದೇ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ವಾಹನಗಳು ಎಲ್ಲಿ ನಿಲ್ಲಬಹುದೆಂಬುದನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿಯೇ ಗೊತ್ತುಪಡಿಸಬೇಕು. ಜೀಪಿನವರು ಕೇಳುತ್ತಿರುವ ಸರತಿ ನಿಲ್ದಾಣವಾಗಲಿ, ಶಾಲೆಗಳ ಎದುರು ನಿಲುಗಡೆ ನಿಷೇಧವಾಗಲಿ, ಸರಕು ಇಳಿಸುವ ವೇಳೆಯಾಗಲಿ ನಗರಸಭೆಯ ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿ ಜಿಲ್ಲಾಧಿಕಾರಿಗಳಿಗೂ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ಹೋದರೆ ಅದಕ್ಕೆ ತೂಕ ಬರುತ್ತದೆ. ಬಾಯಿಮಾತಿನ ಭರವಸೆಗೆ ತೃಪ್ತರಾಗಬೇಡಿ, ನಿರ್ಣಯದ ಸಂಖ್ಯೆ ಮತ್ತು ದಿನಾಂಕ ಕೇಳಿ ಪಡೆಯಿರಿ.

ಹಣದ ವಿಷಯದಲ್ಲಿ ಆಸೆ ಮಿತವಾಗಿರಲಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಮಡಿಕೇರಿ ಅದರಲ್ಲಿಲ್ಲ. 2011ರ ಜನಗಣತಿಯಂತೆ 33,381 ಜನರ ಊರು ನಮ್ಮದು. ಮನೆ ತೆರಿಗೆಯಿಂದ ಬರುವ ಹಣ ಎಷ್ಟೆಂದು ಊಹಿಸಬಹುದು. ಆದ್ದರಿಂದ ಫಲಕ, ಬಣ್ಣದ ಗೆರೆ, ಸಮಯ ನಿಗದಿ, ಗೊತ್ತಾದ ನಿಲ್ದಾಣ ಇಂಥ ಕಡಿಮೆ ಖರ್ಚಿನವುಗಳನ್ನು ಈ ವರ್ಷಕ್ಕೆ ಕೇಳಿ. ಬಸ್ಸು ಮತ್ತು ಊರಿನ ಅಂಚಿನ ನಿಲುಗಡೆಗೆ ಜಾಗ ಗುರುತಿಸುವುದನ್ನಷ್ಟೇ ಈ ವರ್ಷ ಕೇಳಿ. ಎಲ್ಲವನ್ನೂ ಒಂದೇ ಪತ್ರದಲ್ಲಿ ಕೇಳಿದರೆ ಒಂದೂ ಸಿಗದೆ ಹೋಗಬಹುದು.


ತಾಯಿ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ

ನಾನು ದಿನವೂ ಮಗಳನ್ನು ಕಾರಿನಲ್ಲಿ ಬಿಟ್ಟು ಬರುವವಳು. ಎಂಜಿನ್ ಆರಿಸದೆ ನಿಂತವರಲ್ಲಿ ನಾನೂ ಒಬ್ಬಳು. ಚಳಿಗೆ ಹೀಟರ್ ಬೇಕೆಂದು ಹಾಗೆ ಮಾಡುತ್ತಿದ್ದೆ. ಟೀಚರ್ ಬರೆದ ಆ ಮಗುವಿನ ವಿಷಯವನ್ನು ಓದಿದ ಮೇಲೆ ಎರಡು ದಿನಗಳಿಂದ ಆರಿಸುತ್ತಿದ್ದೇನೆ. ಆದರೆ ಒಂದು ಅನುಮಾನ: ಪದೇಪದೇ ಆರಿಸಿ ಸ್ಟಾರ್ಟ್ ಮಾಡಿದರೆ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆಂದು ಮನೆಯವರು ಹೇಳುತ್ತಾರೆ.


ಹಳೆಯ ಮೆಕ್ಯಾನಿಕ್, ಸುಂಟಿಕೊಪ್ಪ

ಅದು ಕಾರ್ಬೊರೇಟರ್ ಕಾಲದ ಮಾತು, ತಾಯಿ. ಈಗಿನ ಎಂಜಿನ್‌ಗಳನ್ನು ಮತ್ತೆ ಸ್ಟಾರ್ಟ್ ಮಾಡಲು ಬೇಕಾಗುವ ಇಂಧನ ಸುಮಾರು ಹತ್ತು ಸೆಕೆಂಡು ಸುಮ್ಮನೆ ಉರಿದಷ್ಟು. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಾದರೆ ಆರಿಸುವುದೇ ಲಾಭ. ಟರ್ಬೊ ಇರುವ ಡೀಸೆಲ್ ಗಾಡಿ ಏರು ಹತ್ತಿ ಬಂದು ನಿಂತರೆ ಅರ್ಧ ನಿಮಿಷ ತಣಿಯಲು ಬಿಟ್ಟು ಆರಿಸಬೇಕು. ಇಪ್ಪತ್ತು ನಿಮಿಷವಲ್ಲ, ಅರ್ಧ ನಿಮಿಷ.


ಪೊನ್ನಂಪೇಟೆ ಮೂಲದವ, ಬಾತ್

ಇಲ್ಲಿ ನಿಂತ ವಾಹನದ ಎಂಜಿನನ್ನು ವಿನಾ ಕಾರಣ ಉರಿಸುವವರಿಗೆ ಕೌನ್ಸಿಲ್ 20 ಪೌಂಡ್ ದಂಡ ಹಾಕಬಹುದು. ಆದರೆ ಮೊದಲು ಬಂದು, ದಯವಿಟ್ಟು ಆರಿಸಿ ಎಂದು ಕೇಳಬೇಕು. ಕೇಳಿದ ಮೇಲೂ ಆರಿಸದಿದ್ದರೆ ಮಾತ್ರ ದಂಡ. ಕೇಳಿದರೆ ಹೆಚ್ಚಿನವರು ಆರಿಸುತ್ತಾರೆ ಎಂಬುದು ನಾನು ನೋಡಿದ್ದು.


ಅಂಗಡಿ ವ್ಯಾಪಾರಿ, ಮಹದೇವಪೇಟೆ

ಕೇಳುವ ಕೆಲಸಕ್ಕೆ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಅಂಗಡಿ ಮುಂದೆ ನಿಂತವರಿಗೆ ನಾನು ನಾಳೆಯಿಂದಲೇ ಹೇಳುತ್ತೇನೆ.


ಶಾಲಾ ಶಿಕ್ಷಕಿ, ಮಡಿಕೇರಿ

ಎಲ್ಲರ ಮಾತನ್ನೂ ಓದಿ ಮನವಿಯ ಕರಡನ್ನು ಬರೆದಿದ್ದೇನೆ. ನಿವೃತ್ತ ನೌಕರರಾದ ಹಿರಿಯರು ಹೇಳಿದಂತೆ ಕೇಳಿಕೆಗಳನ್ನು ಕಡಿಮೆ ಮಾಡಿದ್ದೇನೆ. ಶಾಲೆಗಳ ಗೇಟಿನಿಂದ ಐವತ್ತು ಮೀಟರ್ ಒಳಗೆ ಬೆಳಿಗ್ಗೆ ಮತ್ತು ಮಧ್ಯಾಹ್ನ ವಾಹನ ನಿಲ್ಲದಂತೆ, ನಿಂತರೆ ಎಂಜಿನ್ ಆರಿಸುವಂತೆ ಫಲಕ ಮತ್ತು ಗೆರೆ ಬೇಕೆಂದು, ಸಾಲು ನಿಲ್ಲಲೇಬೇಕಾದರೆ ಏರಿನ ಬುಡದ ಸಮತಟ್ಟಿನಲ್ಲಿ ನಿಲ್ಲುವಂತೆ ಜಾಗ ಗುರುತಿಸಬೇಕೆಂದು ಮೊದಲ ಭಾಗದಲ್ಲಿ ಕೇಳಿದ್ದೇನೆ. ಜೀಪು ಮತ್ತು ಟ್ಯಾಕ್ಸಿಗಳಿಗೆ ಸರತಿ ನಿಲ್ದಾಣ, ಮಹದೇವಪೇಟೆಯಲ್ಲಿ ಸರಕು ಇಳಿಸುವ ವೇಳೆ, ಊರಿನ ಅಂಚಿನ ನಿಲುಗಡೆಗೆ ಜಾಗದ ಹುಡುಕಾಟ, ಇವು ಎರಡನೆಯ ಭಾಗ. ಕೊನೆಯದು ಅಳತೆ: ಬಸ್ ನಿಲ್ದಾಣದ ಬಳಿ, ಜನರಲ್ ತಿಮ್ಮಯ್ಯ ವೃತ್ತದ ಬಳಿ ಮತ್ತು ಒಂದು ಶಾಲೆಯ ಗೇಟಿನ ಬಳಿ, ಮಗುವಿನ ಮುಖದ ಎತ್ತರದಲ್ಲಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಾಳಿಯನ್ನು ಅಳೆಯುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ನಗರಸಭೆ ಲಿಖಿತವಾಗಿ ಕೋರಬೇಕೆಂದು ಬರೆದಿದ್ದೇನೆ.

ಅಳತೆಯ ಅಂಕಿ ಬಂದಾಗ ಯಾವುದಕ್ಕೆ ಹೋಲಿಸಬೇಕೆಂಬುದನ್ನೂ ಸೇರಿಸಿದ್ದೇನೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ನೈಟ್ರೋಜನ್ ಡೈಆಕ್ಸೈಡ್‌ಗೆ ನಮ್ಮ ಮಿತಿ 40, ವಿಶ್ವ ಆರೋಗ್ಯ ಸಂಸ್ಥೆಯದು 10. ನಮ್ಮ ಗಾಳಿ ದೇಶದ ಮಿತಿಯೊಳಗಿದೆ ಎಂದಾಕ್ಷಣ ಆರು ವರ್ಷದ ಮಗುವಿಗೆ ಅದು ಕ್ಷೇಮ ಎಂದಾಗುವುದಿಲ್ಲ.


ಜೀಪು ಚಾಲಕ

ಟೀಚರ್, ಸರತಿ ನಿಲ್ದಾಣದ ಸಾಲಿನಲ್ಲಿ ಇನ್ನೊಂದನ್ನು ಸೇರಿಸಿಕೊಳ್ಳಿ. ಅಲ್ಲಿ ಚಾಲಕರು ಕೂರಲು ಒಂದು ಮಾಡು ಮತ್ತು ಒಂದು ಶೌಚಾಲಯ ಬೇಕು. ಚಳಿಯಲ್ಲಿ, ಗಾಳಿಮಳೆಯಲ್ಲಿ ಹೊರಗೆ ನಿಲ್ಲಲಾಗದೆ ನಾವು ಗಾಡಿಯೊಳಗೇ ಕೂರುತ್ತೇವೆ, ಗಾಡಿಯೊಳಗೆ ಕುಳಿತವನ ಕೈ ಕೀಲಿಯ ಕಡೆಗೇ ಹೋಗುತ್ತದೆ. ಕಳೆದ ವಾರ ಸುಂಟಿಕೊಪ್ಪದ ಹಿರಿಯರ ಮಾತು ಕೇಳಿ ಏರ್ ಫಿಲ್ಟರ್ ಬದಲಾಯಿಸಿದೆ. ಏರಿನಲ್ಲಿ ಹಿಂದಿನ ಕನ್ನಡಿ ನೋಡಿದರೆ ಮೊದಲಿನಷ್ಟು ಕಪ್ಪು ಕಾಣುತ್ತಿಲ್ಲ. ಮನವಿ ಕೊಡುವ ದಿನ ತಿಳಿಸಿ, ನಮ್ಮವರು ಆರೇಳು ಮಂದಿ ಬರುತ್ತೇವೆ.


ಶಾಲಾ ಶಿಕ್ಷಕಿ, ಮಡಿಕೇರಿ

ಮಾಡು ಮತ್ತು ಶೌಚಾಲಯವನ್ನು ಸೇರಿಸಿದೆ. ಪೌರಾಯುಕ್ತರ ಭೇಟಿಗೆ ಸಮಯ ಕೇಳಿದ್ದೇನೆ, ಗೊತ್ತಾದ ಕೂಡಲೇ ಇಲ್ಲಿಯೇ ಬರೆಯುತ್ತೇನೆ. ಬರುವವರು ದಯವಿಟ್ಟು ವಾಹನಗಳನ್ನು ಕಚೇರಿಯ ಮುಂದಿನ ಏರಿನಲ್ಲಿ ನಿಲ್ಲಿಸದೆ ಗಾಂಧಿ ಮೈದಾನದ ಬಳಿ ಬಿಟ್ಟು ನಡೆದು ಬನ್ನಿ.